ಯಾರೂ ಬರೆಯದ ಮೂರನೆಯ ಕಾಗದ

ಮೊದಲ ಸಲ ಎಳೆ ಕತ್ತರಿಸಿರಿ ಎಂದಾಗ ಕತ್ತರಿಸಿದೆವು. ಎರಡನೆಯ ಸಲ ಅದೇ ಮಾತು ಬಂದಾಗ ನಾನು ಕತ್ತರಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಗ್ಗದ ಮುಂದೆಯೇ ಕೂತುಬಿಟ್ಟೆ. ಈ ಎರಡು ಮಾತುಗಳ ನಡುವೆ ನಾಲ್ಕೇ ದಿನದ ಅಂತರ. ಅಷ್ಟರಲ್ಲಿ ನನ್ನ ಅತ್ತೆ ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು.

ಆಗ ನಾವು ಇಚಲಕರಂಜಿಗೆ ಹತ್ತಿದಂತಿರುವ ಕಬನೂರಿನಲ್ಲಿದ್ದೆವು. ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿದ್ದವು. ನನ್ನ ಗಂಡ ಇಚಲಕರಂಜಿಯ ಒಂದು ಕಾರಖಾನೆಯಲ್ಲಿ ನೇಯುತ್ತಿದ್ದರು. ಅತ್ತೆ, ನಾನು ಸೇರಿ ವಹಿಫಣಿ ಕೆಲಸ ಮಾಡುತ್ತಿದ್ದೆವು. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆ ಸುತ್ತಿದ ಉರುಳೆಗೆ ಬೀಮು ಅನ್ನುತ್ತಾರೆ. ಅದು ಮಗ್ಗಕ್ಕೆ ಏರುವ ಮೊದಲು ಒಂದೊಂದು ಎಳೆಯನ್ನೂ ಒಂದೊಂದು ವಹಿಯ ಕುಣಿಕೆಯೊಳಗಿಂದ ಕೊಕ್ಕೆ ಹಾಕಿ ಎಳೆಯಬೇಕು, ಆಮೇಲೆ ಬಾಚಣಿಗೆಯಂಥ ಫಣಿಯ ಹಲ್ಲುಗಳ ಸಂದಿಯಲ್ಲಿ ಹಾಯಿಸಬೇಕು. ವಹಿ ಎಂದರೆ ಎಳೆಗಳನ್ನು ಮೇಲಕ್ಕೆತ್ತುವ ಚೌಕಟ್ಟು. ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ಯಾವ ಎಳೆ ಎಷ್ಟನೆಯ ವಹಿಗೆ ಹೋಯಿತು ಎನ್ನುವುದರ ಮೇಲೆ ಸೀರೆಯ ಹೂ ನಿಂತಿದೆ.

ಬೀಮಿನ ಕಡೆ ನಾನು ಕೂತು ಎಳೆ ಬಿಡಿಸಿ ಕೊಡುತ್ತಿದ್ದೆ. ಮುಂದುಗಡೆ ಕೂತು ಕೊಕ್ಕೆ ಹಾಕುವುದು ಅತ್ತೆಯ ಕೆಲಸ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಕಾಗದ ನೋಡಿ ಯಾರಾದರೂ ಒಂದು ಸಲ ಓದಿ ಹೇಳಿದರೆ ಸಾಕು, ಆ ಅಂಕಿಗಳು ಅವರ ಬಾಯಿಗೆ ಹತ್ತಿಬಿಡುತ್ತಿದ್ದವು. ಬೀಸುವಾಗ ಹಾಡುವವರಂತೆ ಅಂಕಿಯನ್ನೇ ಗುನುಗುತ್ತ ಕೊಕ್ಕೆ ಆಡಿಸುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಟ್ಟು, ಬಿಟ್ಟಲ್ಲಿಂದಲೇ ಮುಂದೆ ಹೋಗುತ್ತಿದ್ದರು. ನಾನಾಗಿದ್ದರೆ ಹತ್ತು ಸಲ ಎಡವುತ್ತಿದ್ದೆ.

ಆ ಸಲ ಬಂದದ್ದು ಬುಟ್ಟಾ ಸೀರೆಯ ಬೀಮು. ಅದನ್ನು ಕೊಟ್ಟ ಕಾರಖಾನೆಯ ಮಾಲಕರ ಹತ್ತಿರ ಅಂಥ ಮಗ್ಗ ನಾಲ್ಕಿದ್ದವು. ಅದರಲ್ಲಿ ಗೋಡೆಗೆ ಹತ್ತಿದ ಮಗ್ಗಕ್ಕೆ ಈ ಬೀಮು. ಸೀರೆಯ ಸಾದಾ ಮೈಗೆ ಎರಡು ವಹಿ ಬೇರೆ, ಅವು ಕೆಳಗಿನಿಂದ ತಮ್ಮಷ್ಟಕ್ಕೆ ತಾವೇ ಆಡುತ್ತವೆ. ಹೂವಿಗೆ ಹನ್ನೆರಡು ವಹಿ. ಅವನ್ನು ಎತ್ತುವುದು ಮಗ್ಗದ ಮಗ್ಗುಲಲ್ಲಿ ಮೇಲೆ ಕೂತ ಡಾಬಿ. ಡಾಬಿಯಲ್ಲಿ ಕಟ್ಟಿಗೆ ಪಟ್ಟಿಗಳ ಸರಪಳಿ ಸುತ್ತುತ್ತದೆ. ಪಟ್ಟಿಗೆ ಹನ್ನೆರಡು ತೂತು. ಯಾವ ತೂತಿಗೆ ಗೂಟ ಹೊಡೆದಿದೆಯೋ ಆ ವಹಿ ಮೇಲೇಳುತ್ತದೆ. ಕೊಲ್ಹಾಪುರದ ಡಿಸೈನ್ ಮಾಸ್ತರರು ಎರಡು ಕಾಗದ ಕಳಿಸಿದ್ದರು. ಒಂದು ನಮಗೆ: ಹೂವಿನ ಮೊದಲ ಎಳೆ ಒಂದನೆಯ ವಹಿಗೆ, ಎರಡನೆಯದು ಎರಡಕ್ಕೆ, ಹೀಗೆ ಹನ್ನೆರಡರ ತನಕ ಹೋಗಿ, ಮತ್ತೆ ಹನ್ನೊಂದು, ಹತ್ತು ಎಂದು ಒಂದಕ್ಕೆ ಇಳಿಯುವುದು. ಒಂದು ಹೂವಿಗೆ ಇಪ್ಪತ್ಮೂರು ಎಳೆ. ಅಂಥ ಮೂವತ್ನಾಲ್ಕು ಹೂ ಅಗಲಕ್ಕೆ. ಇನ್ನೊಂದು ಕಾಗದ ಜಾಬರನಿಗೆ, ಅಂದರೆ ಮಗ್ಗ ಹೂಡುವ ಮನುಷ್ಯನಿಗೆ: ಯಾವ ಪಟ್ಟಿಯಲ್ಲಿ ಯಾವ ತೂತಿಗೆ ಗೂಟ ಎನ್ನುವುದು ಅದರಲ್ಲಿತ್ತು.

ಎರಡು ದಿನ ಕೂತು ತುಂಬಿದೆವು. ಮಗ್ಗ ಓಡಿತು. ಒಂದು ಗೇಣು ನೇಯ್ದಾಗ ನೋಡಿದರೆ ಹೂವೇ ಇಲ್ಲ. ನಡುವೆ ಇರಬೇಕಾದ ದುಂಡನೆಯ ಗುಂಡು ಎರಡಾಗಿ ಸೀಳಿ ಎರಡೂ ಅಂಚಿಗೆ ಹೋಗಿತ್ತು. ಹೊರಗೆ ಹರಡಬೇಕಾದ ದಳಗಳು ನಡುವೆ ಬಂದು ಮೂತಿಗೆ ಮೂತಿ ಹಚ್ಚಿಕೊಂಡಿದ್ದವು. ಸಾದಾ ಮೈ ಮಾತ್ರ ಕನ್ನಡಿಯ ಹಾಗೆ ಚೊಕ್ಕ.

ಜಾಬರ ಬಂದು ಬಗ್ಗಿ ನೋಡಿ, "ಮೈ ಸರಿ ಬಂದೈತಿ, ಅಂದ ಮ್ಯಾಲ ಮಗ್ಗ ಸರಿ ಐತ್ರಿ. ವಹಿ ತುಂಬಿದ್ದ ತಪ್ಪೈತಿ," ಎಂದು ಕೈ ಒರೆಸಿಕೊಂಡು ಹೋದ. ಮಾಲಕರು ನಮ್ಮ ಕಡೆ ನೋಡಿದರು. ನಾನಿನ್ನೂ ಹೊಸಬಳು, ಮದುವೆಯಾಗಿ ಮೂರು ವರ್ಷ. ತಪ್ಪಿರಬಹುದು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಕತ್ತರಿಸಿದೆವು. ಎರಡು ಸಾವಿರದ ಮುನ್ನೂರರ ಹತ್ತಿರ ಎಳೆ. ಬೆನ್ನು ಸೆಟೆದು ಕಟ್ಟಿಗೆಯಾಗುವ ತನಕ ಕೂತು ಮತ್ತೆರಡು ದಿನ ತುಂಬಿದೆವು. ಈ ಸಲ ನಾನು ಪ್ರತಿ ಹೂವಿಗೂ ನಿಂತು ಎಣಿಸಿದೆ. ಮಗ್ಗ ಓಡಿತು. ಅದೇ ಸೀಳಿದ ಗುಂಡು, ಅದೇ ಮೂತಿಗೆ ಮೂತಿ.

ಮಾಲಕರು ಕೆಟ್ಟವರಲ್ಲ. ಆದರೆ ಗಡಹಿಂಗ್ಲಜದ ಪೇಟೆಯ ವ್ಯಾಪಾರಿಗೆ ಲಗ್ನದ ಹಂಗಾಮಿಗೆ ಈ ಸೀರೆ ಮುಟ್ಟಿಸಬೇಕಿತ್ತು. ಅವಸರದಲ್ಲಿದ್ದ ಮನುಷ್ಯನ ನಾಲಗೆಗೆ ಲಗಾಮಿರುವುದಿಲ್ಲ. ನೇಕಾರರೆಲ್ಲ ಕೇಳುವ ಹಾಗೆ, "ಮುದುಕಿಗೆ ಕಣ್ಣ ಹೋಗ್ಯಾವ. ಇನ್ನ ಬ್ಯಾರೆದವರ್ನ ನೋಡಬೇಕು," ಅಂದರು. ಕಬನೂರು ಎಷ್ಟು ದೊಡ್ಡದು? ಸಂಜೆಯೊಳಗೆ ಮಾತು ಎಲ್ಲ ಕಾರಖಾನೆ ಸುತ್ತಿ ಬಂತು. ಮರುದಿನ ಬೆಳಿಗ್ಗೆ ಇನ್ನೊಂದು ಕಾರಖಾನೆಯ ಆಳು ನಮ್ಮ ಪಡಸಾಲೆಯಲ್ಲಿ ಇಟ್ಟಿದ್ದ ತಮ್ಮ ಬೀಮು ಹೊತ್ತುಕೊಂಡು ಹೋಗಲು ಬಂದ. "ಮಾಲಕ್ರು ತರಾಕ ಹೇಳ್ಯಾರ್ರಿ, ನನಗೇನೂ ಗೊತ್ತಿಲ್ಲ," ಎಂದು ನೆಲ ನೋಡುತ್ತ ಹೇಳಿದ. ಅತ್ತೆ ಎದ್ದು ಬೀಮಿಗೆ ಹೊದಿಸಿದ್ದ ಬಟ್ಟೆ ತೆಗೆದು ಮಡಿಸಿ ಅವನ ಕೈಗೆ ಕೊಟ್ಟರು. ಒಳಗೆ ಹೋಗಿ ಕೊಕ್ಕೆಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ ಸಪ್ಪಳ ಕೇಳಿತು. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರುವುದು ಆಗಲಿಲ್ಲ.

ಕಾರಖಾನೆಗೆ ಹೋದೆ. ಮಾಲಕರು ಅಲ್ಲೇ ಇದ್ದರು. "ಬರ್ರಿ. ಕತ್ತರಿಸಿ ಬೀಮ ಇಳಸ್ರಿ, ಬ್ಯಾರೆದವರು ಮಧ್ಯಾಹ್ನ ಬರತಾರ," ಅಂದರು.

ಆಗಲೇ ಕತ್ತರಿ ಸೆರಗಿಗೆ ಹೋದದ್ದು.

"ಕತ್ತರ್ಸೂದಿಲ್ರಿ," ಅಂದೆ.

"ಅಂದ್ರ?"

"ಅಂದ್ರ ಕತ್ತರ್ಸೂದಿಲ್ಲ. ನನಗ ಒಂದು ಹೇಳ್ರಿ. ಕಣ್ಣ ಕಾಣದಾಕಿ ತಪ್ಪಿದ್ರ ಒಂದು ಹೂವಿನ್ಯಾಗ ಇಲ್ಲಿ ತಪ್ಪತಾಳ, ಇನ್ನೊಂದರಾಗ ಅಲ್ಲಿ ತಪ್ಪತಾಳ. ಮೂವತ್ನಾಕು ಹೂ ಅದಾವ. ಮೂವತ್ನಾಕೂ ಒಂದ ನಮೂನಿ ಕೆಟ್ಟಾವ. ಹೋದ ಸಲನೂ ಹಂಗ, ಈ ಸಲನೂ ಹಂಗ. ಇಷ್ಟು ಹುಷಾರಿಲೆ ತಪ್ಪೂ ಕುರುಡಿ ಎಲ್ಲಿ ಸಿಗತಾಳ್ರಿ?"

ನೇಕಾರರಲ್ಲಿ ಯಾರೋ ನಕ್ಕರು. ಮಾಲಕರ ಮುಖ ಕೆಂಪಾಯಿತು. "ಹಂಗಾರ ತಪ್ಪು ಯಾರದು?"

"ಗೊತ್ತಿಲ್ರಿ. ಯಾವ ಎಳಿ ಯಾವ ವಹಿಗೆ ತಪ್ಪಿ ಹೋಗೇತಿ ಅಂತ ನೀವು ತೋರಸ್ರಿ, ನಾ ಕತ್ತರಿಸ್ತೇನಿ. ತೋರಸೂತನಕ ಈ ಬೀಮ ಯಾರೂ ಮುಟ್ಟಂಗಿಲ್ಲ."

ಇಪ್ಪತ್ತೆರಡರ ಹೆಂಗಸು ಮಾಲಕನ ಕಾರಖಾನೆಯಲ್ಲೇ ಕೂತು ಹೀಗೆ ಅಂದದ್ದು ಈಗ ನೆನೆದರೆ ನನಗೇ ಗಾಬರಿ. ಮಾಲಕರು, ನಾಳೆ ಕೊಲ್ಹಾಪುರದಿಂದ ಡಿಸೈನ್ ಮಾಸ್ತರನನ್ನು ಕರೆಸುತ್ತೇನೆ, ಅವನು ಬಂದು ತಪ್ಪು ತೋರಿಸಿದ ಮೇಲೆ ನೀನೂ ನಿನ್ನ ಅತ್ತೆಯೂ ಈ ಹೊಸ್ತಿಲು ತುಳಿಯಬಾರದು, ಅಂದರು. ಆಯಿತು ಅಂದೆ.

ನನ್ನ ಹತ್ತಿರ ಒಂದು ದಿನ ಇತ್ತು. ಮನೆಗೆ ಹೋಗಿ ಅತ್ತೆಯನ್ನು ಎಬ್ಬಿಸಿಕೊಂಡು ಬಂದೆ. ಮಗ್ಗದ ಮೇಲೆಯೇ, ಎಳೆ ಎಳೆ ಹಿಡಿದು ಎಣಿಸುವುದೆಂದು ನಿಶ್ಚಯಿಸಿದೆವು. ನಾನು ಹಿಂದೆ ಒಂದು ಎಳೆ ಎತ್ತಿ ಸ್ವಲ್ಪ ಜಗ್ಗುವುದು, ಅತ್ತೆ ಮುಂದೆ ಕೂತು ಅದು ಎಷ್ಟನೆಯ ವಹಿಯಲ್ಲಿ ಅಲುಗಿತು ಎಂದು ಬೆರಳಿನಿಂದ ಮುಟ್ಟಿ ಹೇಳುವುದು, ನಾನು ಬರೆದುಕೊಳ್ಳುವುದು. ಕಾಗದ ನೋಡಿ ಬರೆಯಬಾರದು, ಮಗ್ಗದಲ್ಲಿ ಇದ್ದದ್ದನ್ನೇ ಬರೆಯಬೇಕು. ಐದು, ಆರು, ಏಳು, ಎಂಟು. ಹೂವಿನ ಮೇಲೆ ಹೂ ಮುಗಿಯಿತು. ತಪ್ಪು ಒಂದೂ ಸಿಗಲಿಲ್ಲ.

ಇಪ್ಪತ್ತನೆಯ ಹೂವಿನಲ್ಲಿ ಒಂದು ಎಳೆಗೆ ಮಗ್ಗದ ಎಣ್ಣೆ ಹತ್ತಿ ಬೆರಳಗಲ ಕರ‍್ರಗಾಗಿತ್ತು. "ಅತ್ಯಾರ, ಈ ಎಳಿಗೆ ಎಣ್ಣಿ ಹತ್ತೇತಿ ನೋಡ್ರಿ, ಸೀರ್‍ಯಾಗ ಎದ್ದ ಕಾಣತೈತಿ," ಅಂದೆ. ಅವರು ಆ ಎಳೆಯನ್ನೇ ಕೈಯಲ್ಲಿ ಹಿಡಿದಿದ್ದರು. ಕಲೆ ಅವರ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಹೊರಗೆ ರಣ ಬಿಸಿಲು.

"ಎಲ್ಲೈತಿ?" ಅಂದರು.

ನಾನು ಎಳೆ ಬಿಟ್ಟು ಎದ್ದು ಈಚೆ ಬಂದೆ. ಅವರೂ ಎಳೆ ಬಿಟ್ಟರು.

"ವರ್ಷಾತು," ಅಂದರು ದನಿ ತಗ್ಗಿಸಿ. "ಎಲ್ಲಾ ಮಂಜ ಮಂಜ. ನೀ ಬಂದ್ರೂ ಕಾಲ ಸಪ್ಪಳದಿಂದ ಗುರುತ ಹಿಡೀತೇನಿ. ಯಾರಿಗೂ ಹೇಳಬ್ಯಾಡ ನಮ್ಮವ್ವ. ಕೆಲಸ ಹೋಕ್ಕೈತಿ."

ಬೆಳಿಗ್ಗೆಯಷ್ಟೇ ಎಲ್ಲರೆದುರು ಎದೆ ಸೆಟೆಸಿ ವಾದ ಮಾಡಿದ್ದೆನಲ್ಲ, ಮಾಲಕರು ಅಂದದ್ದು ನಿಜವೇ ಆಗಿತ್ತು. ಅಂಜಿಕೆಯಾಯಿತು. ವರ್ಷಗಟ್ಟಲೆ ಎದುರಿಗೇ ಕೂತೂ ನನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ನೋಡಿದೆ. ಇಪ್ಪತ್ತು ಹೂ, ನಾಲ್ಕು ನೂರಾ ಅರವತ್ತು ಎಳೆ, ಎಲ್ಲಾ ಸರಿ. ಇವರು ಒಂದನ್ನೂ ನೋಡದೆ ಅಷ್ಟನ್ನೂ ಸರಿಯಾಗಿ ಹಾಕಿದ್ದರು. ಅಂಜಿಕೆ ಹೋಗಿ ಆ ಜಾಗದಲ್ಲಿ ಹಟ ಬಂದು ಕೂತಿತು. "ಹಿಡದ ಮ್ಯಾಲ ಮುಗಿಸೇ ಹೋಗೂಣು, ಕೈ ಹಚ್ಚರಿ," ಅಂದೆ. ಉಳಿದ ಹದಿನಾಲ್ಕು ಹೂವೂ ಎಣಿಸಿ ಮುಗಿಸಿದೆವು. ಒಂದೂ ತಪ್ಪಿರಲಿಲ್ಲ.

ಆಮೇಲೆ ಡಾಬಿಯ ಸರಪಳಿ ನೋಡಿದೆ. ಪಟ್ಟಿ ಪಟ್ಟಿ ಹಿಡಿದು ಗೂಟ ಇದ್ದ ತೂತುಗಳನ್ನು ಬರೆದುಕೊಂಡೆ. ಜಾಬರನ ಕಾಗದಕ್ಕೆ ಹೋಲಿಸಿದರೆ ಅದೂ ಸರಿ.

ನಾನು ಗಡಹಿಂಗ್ಲಜದಲ್ಲಿ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ತನಕ ಓದಿದವಳು. ಅಲ್ಲಿ ನಮಗೊಬ್ಬ ಗಣಿತದ ಮಾಸ್ತರರಿದ್ದರು. ಪುಸ್ತಕದಲ್ಲಿ ಇಲ್ಲದ್ದನ್ನೇ ಹೆಚ್ಚು ಹೇಳಿಕೊಡುತ್ತಿದ್ದರು. ಫಲನ ಅಂದರೆ ಒಂದು ಡಬ್ಬಿ, ಒಂದು ಕಡೆಯಿಂದ ಅಂಕಿ ಹಾಕಿದರೆ ಇನ್ನೊಂದು ಕಡೆಯಿಂದ ಬೇರೆ ಅಂಕಿ ಬರುತ್ತದೆ ಎನ್ನುತ್ತಿದ್ದರು. ಒಂದು ಡಬ್ಬಿಯಿಂದ ಬಂದದ್ದನ್ನು ಇನ್ನೊಂದರ ಬಾಯಿಗೆ ಕೊಟ್ಟರೆ ಅದು ಸಂಯುಕ್ತ ಫಲನ. ಐದಕ್ಕೆ ಎರಡು ಕೂಡಿಸಿ ಮೂರರಿಂದ ಗುಣಿಸಿದರೆ ಇಪ್ಪತ್ತೊಂದು, ಮೊದಲು ಗುಣಿಸಿ ಆಮೇಲೆ ಕೂಡಿಸಿದರೆ ಹದಿನೇಳು. ಒಳಗಿನದು ಮೊದಲು, ಹೊರಗಿನದು ಆಮೇಲೆ. ಇಷ್ಟು ನನಗೆ ಚೆನ್ನಾಗಿ ನೆನಪಿತ್ತು. ಅವರು ಇನ್ನೊಂದು ಮಾತನ್ನೂ ಹೇಳುತ್ತಿದ್ದರು, ಅದು ಆಗ ಹೊಳೆಯಲಿಲ್ಲ.

ನಮ್ಮ ಕಾಗದ ಒಂದು ಡಬ್ಬಿ: ಎಳೆ ಹಾಕಿದರೆ ವಹಿ ಬರುತ್ತದೆ. ಜಾಬರನದು ಇನ್ನೊಂದು: ವಹಿ ಹಾಕಿದರೆ ಏಳಬೇಕೋ ಬೇಡವೋ ಬರುತ್ತದೆ. ಎರಡನ್ನೂ ಜೋಡಿಸಿದರೆ ಹೂ ಆಗಬೇಕು. ಮನೆಗೆ ಬಂದು ಚೌಕುಳಿ ಹಾಳೆ ಹರಡಿಕೊಂಡು ಕೂತೆ. ಏಳನೆಯ ಎಳೆ ಏಳನೆಯ ವಹಿಗೆ. ಹತ್ತನೆಯ ಪಟ್ಟಿಯಲ್ಲಿ ಏಳಕ್ಕೆ ಗೂಟವಿದೆ. ಅಂದರೆ ಎಳೆ ಏಳುತ್ತದೆ, ಆ ಮನೆ ಕಪ್ಪು ಮಾಡು. ಇಪ್ಪತ್ಮೂರು ಎಳೆ, ನಲವತ್ತು ಪಟ್ಟಿ, ಒಂಬೈನೂರಾ ಇಪ್ಪತ್ತು ಮನೆ. ಹೊತ್ತು ಇಳಿಯುವಷ್ಟರಲ್ಲಿ ಹಾಳೆಯ ಮೇಲೆ ಹೂ ಅರಳಿತ್ತು. ಗುಂಡು ನಡುವೆ, ದಳ ಸುತ್ತಲೂ, ಮೇಲೆ ಕೆಳಗೆ ಒಂದೇ ಸಮ. ಲಕ್ಷಣವಾದ ಹೂ.

ಖುಷಿಯಾಗಬೇಕಿತ್ತು, ಅಳು ಬಂತು. ಎಳೆಯೂ ಸರಿ, ಗೂಟವೂ ಸರಿ, ಜೋಡಿಸಿದರೂ ಸರಿ, ಬಟ್ಟೆ ಮಾತ್ರ ತಪ್ಪು. ನಾಳೆ ಮಾಸ್ತರರ ಮುಂದೆ ಏನು ಹೇಳಲಿ?

ಡಿಸೈನ್ ಮಾಸ್ತರರು ಕೊಲ್ಹಾಪುರದ ಬಸ್ಸಿಗೆ ಬಂದರು. ಬಿಳಿ ಟೊಪ್ಪಿಗೆ, ದಪ್ಪ ಚಷ್ಮಾ, ಕಿಸೆಯಲ್ಲಿ ಎರಡು ಬಣ್ಣದ ಪೆನ್ಸಿಲ್. ತಮ್ಮ ಎರಡೂ ಕಾಗದ ನೋಡಿ, ಬಟ್ಟೆ ನೋಡಿ, "ಮಾಝಾ ಕಾಗದ ಬರೋಬರ್ ಆಹೆ. ನನ್ನ ಕಾಗದ ಸರಿ ಐತಿ, ವಹಿ ತುಂಬಿದ್ದ ಚೂಕ, ತಪ್ಪೈತಿ," ಅಂದರು. ಮಾಲಕರು ನನ್ನ ಕಡೆ ತಿರುಗಿದರು. ನಾನು ಹಾಳೆ ಚಾಚಿದೆ.

"ಇದೇನ್ ಬಾಈ? ನನ್ನ ಡಿಸೈನ್ ನಕಲ್ ಮಾಡೀರಿ?"

"ಇಲ್ರಿ ಮಾಸ್ತರ್ರ. ನಿಮ್ಮ ಕಾಗದ ನೋಡಿ ಬರದಿಲ್ಲ. ಮಗ್ಗದ ಮ್ಯಾಲಿನ ಎಳಿ ಎಣಿಸಿ, ಪಟ್ಟಿ ಮ್ಯಾಲಿನ ಗೂಟ ಎಣಿಸಿ, ಎರಡೂ ಕೂಡಿಸಿ ಬರದೇನ್ರಿ. ಹೂ ಬರಬೇಕಿತ್ತು."

"ಎಣಸೂದ ತಪ್ಪೀರಿ."

"ಹಂಗಾರ ನೀವ ಎಣಸ್ರಿ. ಯಾವ ಹೂ ಬೇಕೋ ನೀವ ಆರಿಸ್ಕೋರಿ."

ಅವರು ಟೊಪ್ಪಿಗೆ ತೆಗೆದಿಟ್ಟು ಬಗ್ಗಿದರು. ನಡುವಿನದೊಂದು ಹೂ, ಬಲ ತುದಿಯದೊಂದು, ಆಮೇಲೆ ಎಡದ್ದೊಂದು. ಮೂರು ಹೂ, ಎಳೆ ಎಳೆಯಾಗಿ. ಮೂರನೆಯದು ಮುಗಿಯುವಷ್ಟರಲ್ಲಿ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಎದ್ದು ನಿಂತು ಚಷ್ಮಾ ಒರೆಸಿಕೊಂಡರು. "ಮಗ್ ಚುಕತಂಯ ಕುಠಂ?" ಅಂದರು ತಮಗೆ ತಾವೇ. ಹಾಗಾದರೆ ತಪ್ಪುತ್ತಿರುವುದೆಲ್ಲಿ? ಅದೇ ನನ್ನ ಪ್ರಶ್ನೆಯೂ ಆಗಿತ್ತು. ಆದರೆ ಅವರ ಬಾಯಿಂದ ಅದು ಬಂದ ಗಳಿಗೆಯಿಂದ ನಾನು ಅಪರಾಧಿಯಾಗಿರಲಿಲ್ಲ.

ಆಗ ಗಡಹಿಂಗ್ಲಜದ ಮಾಸ್ತರರ ಆ ಇನ್ನೊಂದು ಮಾತು ಹೊಳೆಯಿತು. ಮೊದಲ ಡಬ್ಬಿಯಿಂದ ಹೊರಗೆ ಬಂದದ್ದೂ ಎರಡನೆಯ ಡಬ್ಬಿಯ ಒಳಗೆ ಹೋಗುವುದೂ ಒಂದೇ ಜಾತಿಯದೇ ಎಂದು ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಜೋಡಿಸಬಾರದು, ಎನ್ನುತ್ತಿದ್ದರು. ನಮ್ಮ ಕಾಗದ ಕೊಡುವುದು ವಹಿಯ ಅಂಕಿ. ಜಾಬರನ ಕಾಗದ ತೆಗೆದುಕೊಳ್ಳುವುದು ತೂತಿನ ಅಂಕಿ. ವಹಿ ಬೇರೆ, ತೂತು ಬೇರೆ. ಎರಡೂ ಕಡೆ ಒಂದರಿಂದ ಹನ್ನೆರಡೇ ಇದ್ದದ್ದರಿಂದ ಎರಡೂ ಒಂದೇ ಎಂದು ನಾವೆಲ್ಲರೂ ನಂಬಿದ್ದೆವು. ನಾನೂ ಹಾಳೆಯ ಮೇಲೆ ಹಾಗೆಯೇ ಜೋಡಿಸಿದ್ದೆ.

"ಜಾಬರಣ್ಣಾ, ನಿನ್ನ ಮೊದಲನೇ ತೂತು ಯಾವ ವಹಿ ಎತ್ತತೈತಿ?"

"ಮೊದಲನೇದ್ನ, ವೈನಿ. ಮತ್ತ್ಯಾವದ್ನ ಎತ್ತೀತು?"

"ನೋಡೀ ಏನು?"

"ಅದರಾಗ ನೋಡೂದೇನೈತಿ?"

"ನೋಡೂದು ಐತಿ. ಒಂದು ಖಾಲಿ ಪಟ್ಟಿ ತಗೊಂಡು ಮೊದಲನೇ ತೂತಿಗೆ ಅಷ್ಟ ಗೂಟ ಹೊಡಿ. ಸರಪಳಿಗೆ ಹಾಕು."

ಜಾಬರ ಮಾಲಕರ ಕಡೆ ನೋಡಿದ. "ಡಾಬಿ ತಂಟೇಕ ಹೆಣ್ಮಕ್ಕಳು ಬರಬಾರದ್ರಿ. ನಾ ಹದಿನೈದು ವರ್ಷಾತು ಹಿಂಗ ಹೊಡದೇನಿ."

"ಹದಿನೈದು ವರ್ಷ ಹೊಡದೀ ಅಂತನ ಕೇಳಾಕತ್ತೇನಿ," ಅಂದೆ. "ನೀ ಹೊಡೀದಿದ್ರ ಸ್ಟೂಲ ತಾ, ನಾನ ಹತ್ತಿ ಹೊಡೀತೇನಿ."

ಮಾಲಕರು ಬೇಡ ಎನ್ನುವುದರಲ್ಲಿದ್ದರು. ಡಿಸೈನ್ ಮಾಸ್ತರರು ಕೈ ಎತ್ತಿ ತಡೆದರು. "ಕರೂ ದೇ. ಮಾಡ್ಲಿ ಬಿಡ್ರಿ," ಅಂದರು.

ಜಾಬರ ಗೊಣಗುತ್ತ ಒಂದು ಪಟ್ಟಿಗೆ ಒಂದೇ ಗೂಟ ಹೊಡೆದು ಹಾಕಿದ. ಮಗ್ಗ ಓಡಿಸುವ ಪಟ್ಟಾ ಕಳಚಿ ಅದನ್ನು ಕೈಯಿಂದ ನಿಧಾನ ತಿರುಗಿಸಿದ. ಎಲ್ಲರೂ ಮುಂದಿನ ವಹಿಯನ್ನೇ ನೋಡುತ್ತಿದ್ದೆವು. ಅದು ಅಲುಗಲಿಲ್ಲ. ಬೀಮಿನ ಕಡೆ, ಎಲ್ಲಕ್ಕಿಂತ ಹಿಂದಿದ್ದ ಹನ್ನೆರಡನೆಯ ವಹಿ ಸಾವಕಾಶವಾಗಿ ಮೇಲೆದ್ದಿತು.

ಎರಡನೆಯ ತೂತಿಗೆ ಹಾಕಿಸಿದೆ, ಹನ್ನೊಂದನೆಯದು ಎದ್ದಿತು. ಮೂರಕ್ಕೆ ಹತ್ತು. ಮುಂದೆ ನೋಡುವ ಅಗತ್ಯವೇ ಇರಲಿಲ್ಲ.

ಜಾಬರನ ತಪ್ಪೂ ಅಲ್ಲ ಅದು. ಉಳಿದ ಮೂರು ಮಗ್ಗಗಳಿಗೆ ಡಾಬಿ ನೇಕಾರನ ಬಲಗಡೆ. ಗೋಡೆ ಹತ್ತಿರದ ಈ ಮಗ್ಗವನ್ನು ಯಾವುದೋ ಗಿರಣಿಯಿಂದ ಹಳೆಯದನ್ನು ತಂದದ್ದು, ಇದರ ಡಾಬಿ ಎಡಗಡೆ. ಜಾಬರ ಯಾವಾಗಲೂ ಡಾಬಿಗೆ ಮುಖ ಮಾಡಿ ನಿಂತು ತನ್ನ ಎಡಗೈ ಕಡೆಯಿಂದ ತೂತು ಎಣಿಸುವವನು. ಬಲಗಡೆಯ ಡಾಬಿಯ ಎದುರು ನಿಂತರೆ ಅವನ ಎಡಗೈ ಇರುವುದು ನೇಕಾರನ ಕಡೆ. ಎಡಗಡೆಯ ಡಾಬಿಯ ಎದುರು ನಿಂತರೆ ಅದೇ ಎಡಗೈ ಬೀಮಿನ ಕಡೆ ಆಗುತ್ತದೆ. ಅತ್ತೆ ಎಣಿಸುವುದು ಮುಂದಿನಿಂದ, ಇವನು ಎಣಿಸಿದ್ದು ಹಿಂದಿನಿಂದ. ಒಂದು ಹನ್ನೆರಡಾಯಿತು, ಹನ್ನೆರಡು ಒಂದಾಯಿತು. ನಡುವಿನ ಗುಂಡು ಅಂಚಿಗೆ, ಅಂಚಿನ ದಳ ನಡುವಿಗೆ. ಎರಡು ಕಾಗದಗಳ ನಡುವೆ ಮೂರನೆಯದೊಂದು ಇತ್ತು, ಅದನ್ನು ಯಾರೂ ಬರೆದಿರಲಿಲ್ಲ.

ಮಾಲಕರು ಅಷ್ಟಕ್ಕೇ ಒಪ್ಪುವವರಲ್ಲ. "ಎರಡು ವರ್ಷ ಓಡೇತಿ ಈ ಮಗ್ಗ. ಎಂದೂ ಹೂ ಕೆಟ್ಟಿಲ್ಲಲ್ಲ?" ಅಂದರು.

"ಇದರ ಮ್ಯಾಲ ಹಿಂದಕ ನೇಯ್ದ ಸೀರಿ ತುಂಡು ಐತೇನ್ರಿ? ಅದರ ಕಾಗದಾನೂ ಬೇಕು," ಎಂದು ಕೇಳಿದೆ. ನಮೂನೆಯ ಕಪಾಟಿನಿಂದ ಬಳ್ಳಿ ಹೂವಿನ ಒಂದು ತುಂಡು ತಂದರು. ಅದಕ್ಕೆ ಎಳೆಗಳು ಒಂದರಿಂದ ಹನ್ನೆರಡಕ್ಕೆ ನೇರ ಹೋಗಿ ನಿಲ್ಲುತ್ತಿದ್ದವು, ತಿರುಗಿ ಇಳಿಯುತ್ತಿರಲಿಲ್ಲ. ನೇರದ್ದನ್ನು ತಿರುವಿದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲು ಬದಲಾಗುತ್ತದೆ, ಅಷ್ಟೆ. ಕಾಗದದಲ್ಲಿ ಬಳ್ಳಿ ಬಲಕ್ಕೆ ಬಾಗಿತ್ತು. ಬಟ್ಟೆಯಲ್ಲಿ ಎಡಕ್ಕೆ.

ಡಿಸೈನ್ ಮಾಸ್ತರರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ಜೋರಾಗಿ ನಕ್ಕುಬಿಟ್ಟರು. "ಎರಡು ವರ್ಷ ಗಡಹಿಂಗ್ಲಜ ಪೇಟ್ಯಾಗ ನನ್ನ ಬಳ್ಳಿ ಉಲ್ಟಾ ಹೋಗೇತಿ! ಒಬ್ಬ ಬಾಈನೂ ಕೇಳಿಲ್ಲ!" ಮಾಲಕರಿಗೆ ನಗು ಬರಲಿಲ್ಲ.

ಈಗ ಸರಿಪಡಿಸುವುದು ಹೇಗೆ? ಜಾಬರ ಎಲ್ಲ ಗೂಟ ಕಿತ್ತು ಹೊಸದಾಗಿ ಹೊಡೆಯಬೇಕೆಂದ. ಮಾಲಕರು ವಹಿ ಕತ್ತರಿಸಿ ತಿರುವಿ ತುಂಬುವುದೇ ಚಲೋ ಅಂದರು. ಕತ್ತರಿಸುವ ಮಾತು ಇನ್ನೂ ಬಿಟ್ಟಿರಲಿಲ್ಲ! ನಾನು ಹಾಳೆಯನ್ನು ನೆಲದ ಮೇಲಿಟ್ಟು ಅರ್ಧ ಸುತ್ತು ಹೊಡೆಸಿದೆ, ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಈ ಹೂವಿಗೆ ದಂಟಿಲ್ಲ, ಮೇಲೂ ಕೆಳಗೂ ಒಂದೇ. ಸರಪಳಿಯನ್ನು ಹಾಗೆಯೇ ಅರ್ಧ ಸುತ್ತು ತಿರುಗಿಸಿ ಏರಿಸಿದರೆ ಒಂದನೆಯ ತೂತಿನ ಜಾಗಕ್ಕೆ ಹನ್ನೆರಡನೆಯದು ಬರುತ್ತದೆ. ಮಗ್ಗ ಒಂದು ಸಲ ತಿರುವುತ್ತದೆ, ನಾವೊಂದು ಸಲ ತಿರುವುತ್ತೇವೆ. ಎರಡು ತಿರುವು ಒಂದರ ಮೇಲೊಂದು ಬಿದ್ದರೆ ತಿರುವೇ ಇಲ್ಲದ ಹಾಗೆ.

"ಹತ್ತು ಮಿನಿಟಿನ ಕೆಲಸ್ರಿ," ಅಂದೆ. "ಒಂದ ಎಳಿನೂ ಕತ್ತರ್ಸೂದು ಬ್ಯಾಡ."

ಹತ್ತಲ್ಲ, ಇಪ್ಪತ್ತು ಮಿನಿಟು ಹಿಡಿಯಿತು. ಜಾಬರ ಬೇಕಂತಲೇ ನಿಧಾನ ಮಾಡಿದ. ಪಟ್ಟಾ ಏರಿತು, ಮಗ್ಗ ಓಡಿತು. ನೇಕಾರರು ತಮ್ಮ ಮಗ್ಗ ಬಿಟ್ಟು ಬಂದು ಸುತ್ತ ನಿಂತರು. ಬೆರಳು ಬೆರಳಾಗಿ ಬಟ್ಟೆ ಮುಂದೆ ಬಂತು. ಮೊದಲು ಕೆಳಗಿನ ದಳ, ಆಮೇಲೆ ನಡುವೆ ಗುಂಡು, ಮೂವತ್ನಾಲ್ಕೂ ಕಡೆ ಒಂದೇ ಸಲಕ್ಕೆ. ಅತ್ತೆ ಹೊಸ ಬಟ್ಟೆಯ ಮೇಲೆ ಬೆರಳಾಡಿಸಿದರು. ಗುಂಡು ಸಿಕ್ಕಿದ ಕಡೆ ಬೆರಳು ನಿಂತಿತು.

ಡಿಸೈನ್ ಮಾಸ್ತರರು ತಮ್ಮ ಕಾಗದದ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ, ಡಾಬಿ ಎಡವೋ ಬಲವೋ ಬರೆಯಿರಿ, ಎಂದು ಗುರುತು ಹಾಕಿಕೊಂಡು, ನನಗೆ ಕೈ ಮುಗಿದು, ಬಸ್ಸಿಗೆ ಹೊರಟರು. ಮಾಲಕರಿಗೆ ಜೀವ ಬಂದಿತ್ತು. "ಚಲೋ ಆತು ಬಿಡ್ರಿ. ಸರಿ ಆತಲ್ಲ. ಆಗಿದ್ದ ಆಗಿ ಹೋತು. ನಾಳಿ ಇನ್ನೊಂದು ಬೀಮ ಬರತೈತಿ, ಬಂದ ಕುಂದರ್ರಿ," ಅಂದರು.

ಆಗಿದ್ದು ಆಗಿ ಹೋಗಿರಲಿಲ್ಲ. ಡಬ್ಬಿಯ ಮುಚ್ಚಳದ ಸಪ್ಪಳ ನನ್ನ ಕಿವಿಯಲ್ಲಿತ್ತು.

"ಕುಂದ್ರೂದಿಲ್ರಿ," ಅಂದೆ. ಆ ವಾರ ನನಗೆ ಇಲ್ಲ ಎನ್ನುವುದು ರೂಢಿಯಾಗಿಬಿಟ್ಟಿತ್ತು. "ಎಲ್ಲಾರ ಮುಂದ ಅಂದೀರಿ, ಕಣ್ಣ ಹೋಗ್ಯಾವ ಅಂತ. ಕಬನೂರ ತುಂಬ ಆ ಮಾತು ತಿರಗೇತಿ. ಮನ್ಯಾಗಿನ ಬೀಮ ಹೊತ್ತುಕೊಂಡು ಹೋಗ್ಯಾರ. ನೀವ ಹೋಗಿ ಪ್ರತಿಯೊಂದು ಕಾರಖಾನ್ಯಾಗ ಹೇಳಿ ಬರ್ರಿ, ಅಕಿ ಕಣ್ಣ ಚಲೋ ಅದಾವ, ಅಕಿ ಒಂದು ಎಳಿನೂ ತಪ್ಪಿಲ್ಲ ಅಂತ. ಆಮ್ಯಾಲ ಬೀಮ ಕಳಸ್ರಿ."

ಸುಳ್ಳು ಎಂದು ಗೊತ್ತಿದ್ದೇ ಅಂದೆ. ಆ ಸುಳ್ಳಿಗೆ ನನಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ಅವರ ಅನ್ನ ಉಳಿಯಬೇಕಿತ್ತು, ಅಷ್ಟೇ.

ಮಾಲಕರು ನೇಕಾರರ ಕಡೆ ನೋಡಿದರು, ಬಟ್ಟೆಯ ಕಡೆ ನೋಡಿದರು. "ಆತು. ಹೇಳ್ತೇನಿ. ಕಣ್ಣ ಚಲೋ ಅದಾವಂತ ಹೇಳ್ತೇನಿ," ಅಂದರು.

"ಹಂಗ ಹೇಳಬ್ಯಾಡ್ರಿ."

ಅತ್ತೆಯ ದನಿ. ಎದ್ದು ನಿಂತಿದ್ದರು. ಒಂದು ಕೈ ಮಗ್ಗದ ಕಂಬದ ಮೇಲಿತ್ತು. ನಾನು ಅವರ ಸೆರಗು ಹಿಡಿದು ಜಗ್ಗಿದೆ. ಬಿಡಿಸಿಕೊಂಡರು.

"ನನ್ನ ಕಣ್ಣ ಹೋಗಿ ವರ್ಷಾತ್ರಿ ಮಾಲಕ್ರ. ನೀವು ಅಂದಿದ್ದು ಖರೆ. ಈ ವರ್ಷ ನಿಮ್ಮ ಕಾರಖಾನ್ಯಾಗ ತುಂಬಿದ ಬೀಮ ಎಲ್ಲಾ ಕಣ್ಣಿಲ್ಲದ ತುಂಬೇನಿ. ಯಾವದರಾಗರ ತಪ್ಪು ಬಂದಿತ್ತೇನ್ರಿ? ಹೋಗಿ ಹಂಗ ಹೇಳ್ರಿ. ಮುದುಕಿಗೆ ಕಣ್ಣಿಲ್ಲ, ಆದ್ರೂ ತಪ್ಪಿಲ್ಲ ಅಂತ. ಸುಳ್ಳ ಹೇಳಿ ನನಗ ಕೆಲಸ ಕೊಡಸೂದು ಬ್ಯಾಡ."

ಮಗ್ಗಗಳು ನಿಂತಿದ್ದವು. ಎಲ್ಲ ಮುಗಿಯಿತು ಅಂದುಕೊಂಡೆ. ಮಾಲಕರು ಅತ್ತೆಯ ಮುಖವನ್ನೇ ಬಹಳ ಹೊತ್ತು ನೋಡಿದರು. ತಾವು ನೋಡುತ್ತಿರುವುದು ಅತ್ತೆಗೆ ಕಾಣುತ್ತಿಲ್ಲ ಎಂಬುದು ಆಗ ಅವರಿಗೆ ಅರ್ಥವಾಗಿರಬೇಕು. ತಲೆ ತಗ್ಗಿಸಿದರು.

"ಹಂಗ ಹೇಳ್ತೇನ್ರಿ ಅವ್ವಾರ," ಅಂದರು. ಅದುವರೆಗೆ ಮುದುಕಿ ಎನ್ನುತ್ತಿದ್ದವರು. ಆಮೇಲೆ ಸ್ವಲ್ಪ ತಡವರಿಸಿ ಕೇಳಿದರು, "ನಾಳಿ ಬೀಮ ಎಲ್ಲಿ ಇಡಸಲಿ?"

"ನನಗೆಲ್ಲಿಟ್ಟರೂ ನಡೀತೈತಿ," ಅಂದರು ಅತ್ತೆ. "ಕಿಡಕಿ ಹತ್ರ ಇಡಸ್ರಿ. ನನ್ನ ಸೊಸಿಗೆ ಬೆಳಕ ಬೇಕು."